ತಂತ್ರಜ್ಞಾನ ವಾರ್ತೆಯ ಕಾಲಪ್ರಜ್ಞೆ: ಹೂಡೆಯ ಕಡಲ ಕರೆಯಿಂದ ಒಂದು ವಿಮರ್ಶೆ

ಕನ್ನಡದ ಪ್ರಥಮ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ೧೮೪೩ನೆಯ ಇಸವಿ ಜುಲೈ ೧ರಂದು ಹರ್ಮನ್ ಮೋಗ್ಲಿಂಗನ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಹೊರಬಂದಿತೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಅಂದಿನ ಕರಾವಳಿಯ ಜನರ ಪಾಲಿಗೆ ಆ ಪತ್ರಿಕೆಯು ವಾರ್ತೆಯನ್ನು ತಂದುದು ಮಾತ್ರವಲ್ಲ, ತಾನೇ ಒಂದು ಹೊಸ ಯಂತ್ರವಿದ್ಯೆಯ ವಾರ್ತೆಯೂ ಆಗಿದ್ದಿತು. ಇಂದಾದರೋ ಯಂತ್ರವಿದ್ಯೆಯೆಂಬುದು ಪತ್ರಿಕೆಗಳಲ್ಲಿ ಪ್ರತ್ಯೇಕ ಪುಟವನ್ನೇ ಪಡೆದಿರುವ ವಿಷಯ. ಹೊಸ ಉಪಕರಣ, ಹೊಸ ಉಪಗ್ರಹ, ಹೊಸ ಸರಕಾರಿ ಯೋಜನೆ ಇವುಗಳ ಸುದ್ದಿ ದಿನವೂ ನಮ್ಮ ಮನೆಬಾಗಿಲಿಗೆ ಬಂದು ಬೀಳುತ್ತದೆ. ಈ ಬಗೆಯ ಬರವಣಿಗೆಯನ್ನು ಒಂದು ಗದ್ಯಪ್ರಕಾರವೆಂದು ಭಾವಿಸಿ ಅದರ ಗುಣದೋಷಗಳನ್ನು ವಿವೇಚಿಸುವ ಪ್ರಯತ್ನವು ನಮ್ಮಲ್ಲಿ ವಿರಳ. ಪ್ರಕೃತ ಲೇಖನದಲ್ಲಿ ಅಂತಹ ವಿವೇಚನೆಯೊಂದನ್ನು ಮಾಡಲು ಉದ್ದೇಶಿಸಿದ್ದೇವೆ.

ವಿವೇಚನೆಗೆ ಒರೆಗಲ್ಲಾಗಿ ನಾವು ಹೂಡೆಯನ್ನು ಆರಿಸಿಕೊಂಡಿದ್ದೇವೆ. ಉಡುಪಿಯ ವಾಯವ್ಯಕ್ಕೆ, ಮಲ್ಪೆ ಬಂದರಿನ ಉತ್ತರಕ್ಕೆ, ಒಂದು ಕಡೆ ಸ್ವರ್ಣಾ ನದಿಯೂ ಇನ್ನೊಂದು ಕಡೆ ಅರಬ್ಬಿ ಸಮುದ್ರವೂ ಇರುವ ಮರಳ ಪಟ್ಟಿಯಲ್ಲಿ ಈ ಊರಿದೆ. ಅನತಿದೂರದ ಮಣಿಪಾಲದಲ್ಲಿ ಹೊಸ ವಿದ್ಯೆಯ ಬೋಧನೆ ನಡೆಯುತ್ತದೆ. ಇಲ್ಲಿನ ದಂಡೆಯಲ್ಲಿ ಆ ವಿದ್ಯೆಯ ಫಲಾಫಲಗಳನ್ನು ಜನರು ಅನುಭವಿಸುತ್ತಾರೆ. ಘೋಷಣೆಗೂ ಅನುಭವಕ್ಕೂ ನಡುವಣ ಅಂತರವನ್ನು ಅಳೆಯಲು ಇದಕ್ಕಿಂತ ಅನುಕೂಲವಾದ ಸ್ಥಳ ನಮಗೆ ತೋರಲಿಲ್ಲ.

ಮೊದಲು ಈ ವಾರ್ತೆಗಳ ಭಾಷೆಯನ್ನು ಪರಿಶೀಲಿಸೋಣ. ನಮ್ಮ ಓದಿಗೆ ಬಂದ ಬರಹಗಳಲ್ಲಿ ಎರಡು ಲಕ್ಷಣಗಳು ಎದ್ದು ಕಾಣುತ್ತವೆ. ಮೊದಲನೆಯದು ಭವಿಷ್ಯತ್ಕಾಲದ ಪ್ರಾಚುರ್ಯ. ಉಪಕರಣವು ‘ನೆರವಾಗಲಿದೆ’, ‘ಬದಲಾಯಿಸಲಿದೆ’, ‘ಕ್ರಾಂತಿಯನ್ನುಂಟುಮಾಡಲಿದೆ’ ಎನ್ನುವ ಕ್ರಿಯಾಪದಗಳು ಹೆಜ್ಜೆಹೆಜ್ಜೆಗೂ ದೊರೆಯುತ್ತವೆ. ‘ನೆರವಾಯಿತು’ ಅಥವಾ ‘ನೆರವಾಗಲಿಲ್ಲ’ ಎಂಬ ಭೂತಕಾಲದ ಪದಗಳು ಅಪರೂಪ. ಎರಡನೆಯದು ಕರ್ತೃವಿನ ಸ್ಥಾನಪಲ್ಲಟ. ವಾಕ್ಯದಲ್ಲಿ ಯಂತ್ರವೇ ಕರ್ತೃವಾಗುತ್ತದೆ; ಅದನ್ನು ಕೊಂಡವನು, ಮಾರಿದವನು, ಅದರಿಂದ ಕೆಲಸವನ್ನು ಕಳೆದುಕೊಂಡವನು, ಇವರಾರೂ ವಾಕ್ಯದೊಳಕ್ಕೆ ಪ್ರವೇಶಿಸುವುದಿಲ್ಲ. ಇವುಗಳಲ್ಲಿ ಸುಳ್ಳಿದೆಯೆಂದು ನಾವು ಹೇಳುತ್ತಿಲ್ಲ. ವರದಿಗಾರನು ಬರೆದ ದಿನ ಆತನಿಗೆ ತಿಳಿದಿದ್ದುದಷ್ಟನ್ನೇ ಬರೆದಿರುತ್ತಾನೆ. ಆದರೆ ಯಂತ್ರವೊಂದರ ಜನ್ಮದಿನದ ವಾರ್ತೆಯನ್ನೇ ಅದರ ಸಮಗ್ರ ಚರಿತ್ರೆಯೆಂದು ಭಾವಿಸುವ ಓದುಗನೂ, ಅದನ್ನೇ ಆಧರಿಸಿ ನೀತಿಯನ್ನು ರೂಪಿಸುವ ಅಧಿಕಾರಿಯೂ ಎಷ್ಟರ ಮಟ್ಟಿಗೆ ತಪ್ಪುದಾರಿಗೆ ಬೀಳುವರೆಂಬುದನ್ನು ಈ ಕಡಲ ಕರೆಯ ಐವತ್ತು ವರ್ಷಗಳ ಅನುಭವವು ತೋರಿಸಿಕೊಡುತ್ತದೆ.

ಹಿಂದೆ ಈ ದಂಡೆಯ ಮುಖ್ಯ ಮೀನುಗಾರಿಕೆಯು ರಂಪಣಿಯದಾಗಿತ್ತು. ಬಲೆಯ ಒಂದು ತುದಿಯನ್ನು ದಂಡೆಯಲ್ಲಿ ಹಿಡಿದು, ದೋಣಿಯಲ್ಲಿ ಉಳಿದುದನ್ನು ಕಡಲಿಗೊಯ್ದು, ಬಂಗುಡೆ ಅಥವಾ ಬೂತಾಯಿಯ ಹಿಂಡನ್ನು ಅರ್ಧವೃತ್ತಾಕಾರವಾಗಿ ಸುತ್ತಿ, ಇನ್ನೊಂದು ತುದಿಯನ್ನು ಮತ್ತೆ ದಂಡೆಗೆ ತರುತ್ತಿದ್ದರು. ಅನಂತರ ಹತ್ತಾರು ಜನರು ಎರಡೂ ಕಡೆಯ ಹಗ್ಗಗಳನ್ನು ಹಿಡಿದು ಎಳೆಯುತ್ತಿದ್ದರು. ಬಂದ ಆದಾಯವು ಪಾಲಿನ ಲೆಕ್ಕದಲ್ಲಿ ಹಂಚಿಕೆಯಾಗುತ್ತಿತ್ತು. ೧೯೭೫-೭೬ರ ಸುಮಾರಿನಲ್ಲಿ, ಅಂದಿನ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಕಡಲಿಗೆ ಪರ್ಸಿನ್ ಬೋಟು ಬಂದಿತು. ಆಳದ ನೀರಿನಲ್ಲಿಯೇ ಮೀನಿನ ಹಿಂಡನ್ನು ಸುತ್ತುವರಿದು, ಸಂಚಿಯ ಬಾಯಿಯನ್ನು ದಾರದಿಂದ ಬಿಗಿಯುವಂತೆ ಬಲೆಯ ತಳವನ್ನು ಬಿಗಿದುಬಿಡುವುದು ಇದರ ಕ್ರಮ. ದಂಡೆಗೆ ಬರಬೇಕಾಗಿದ್ದ ಹಿಂಡು ದಾರಿಯಲ್ಲಿಯೇ ಸೆರೆಸಿಕ್ಕಿತು. ಮುಂದಿನ ಕೆಲವೇ ವರ್ಷಗಳಲ್ಲಿ ರಂಪಣಿ ಬಹುಮಟ್ಟಿಗೆ ಕಣ್ಮರೆಯಾಯಿತು. ಅದರ ಕಿರಿಯ ರೂಪವಾದ ಕೈರಂಪಣಿಯನ್ನು ಈಗಲೂ ಕೆಲವು ದಂಡೆಗಳಲ್ಲಿ ಎಳೆಯುವುದುಂಟು. ಪ್ರವಾಸಕ್ಕೆ ಬಂದವರು ಸುತ್ತ ನಿಂತು ಅದರ ಚಿತ್ರವನ್ನು ತೆಗೆದುಕೊಳ್ಳುತ್ತಾರೆ.

ಪರ್ಸಿನ್ ಬೋಟಿನಿಂದ ಕೇಡಷ್ಟೇ ಆಯಿತೆಂದು ಹೇಳುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಹಿಡಿಯುವ ಮೀನಿನ ಮೊತ್ತ ಹೆಚ್ಚಿತು. ರಂಪಣಿಯವರಲ್ಲಿ ಅನೇಕರು ಈ ಬೋಟುಗಳಲ್ಲಿಯೇ ಕೆಲಸಕ್ಕೆ ಸೇರಿದರು. ಕೆಲವರು ಒಡೆಯರೂ ಆದರು. ಆದರೆ ದಂಡೆಯ ಮೇಲೆ ಹಗ್ಗವನ್ನೆಳೆಯುವುದರಿಂದಲೇ ಪಾಲು ಪಡೆಯುತ್ತಿದ್ದ ವೃದ್ಧನಿಗೆ ಬೋಟಿನ ಮೇಲೆ ಸ್ಥಳವಿರಲಿಲ್ಲ. ನಾಡದೋಣಿಯವರಿಗೂ ಯಂತ್ರದೋಣಿಯವರಿಗೂ ಘರ್ಷಣೆಗಳು ನಡೆದವು. ಸಮುದ್ರ ಮೀನುಗಾರಿಕೆಯನ್ನು ನಿಯಂತ್ರಿಸುವ ಕರ್ನಾಟಕದ ಅಧಿನಿಯಮವು ಬಂದುದು ೧೯೮೬ರಲ್ಲಿ, ಎಂದರೆ ಬಲೆ ಬಂದು ಹತ್ತು ವರ್ಷಗಳಾದ ಮೇಲೆ. ಬಲೆಯು ನೀರಿಗಿಳಿದುದು ವಾರ್ತೆ, ಜಗಳವಾದುದೂ ವಾರ್ತೆ. ಇವೆರಡರ ನಡುವೆ ಮನೆಮನೆಗಳಲ್ಲಿ ನಡೆದ ಬದಲಾವಣೆಯು ಯಾವ ದಿನದ ವಾರ್ತೆಯೂ ಅಲ್ಲ. ನಿಜವಾದ ಚರಿತ್ರೆಯಿರುವುದು ಆ ನಡುಗಾಲದಲ್ಲಿಯೇ.

ಎರಡನೆಯ ಉದಾಹರಣೆ ನಮ್ಮ ಕಾಲದ್ದು. ನೀಲಿ ಬೆಳಕಿನ ಎಲ್‌ಇಡಿಯನ್ನು ಕಂಡುಹಿಡಿದುದಕ್ಕಾಗಿ ಅಕಾಸಾಕಿ, ಅಮಾನೊ ಮತ್ತು ನಾಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೪ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ದೊರೆಯಿತು. ೨೦೧೫ರಲ್ಲಿ ಕೇಂದ್ರ ಸರಕಾರವು ಉಜಾಲಾ ಯೋಜನೆಯ ಮೂಲಕ ಎಲ್‌ಇಡಿ ದೀಪಗಳನ್ನು ಅಗ್ಗದ ಬೆಲೆಯಲ್ಲಿ ಮನೆಗಳಿಗೆ ತಲಪಿಸಲು ತೊಡಗಿತು. ವಿದ್ಯುತ್ತಿನ ಉಳಿತಾಯದ ವಾರ್ತೆಗಳು ಯಥೇಚ್ಛವಾಗಿ ಪ್ರಕಟವಾದವು. ಅವು ನಿಜವೂ ಆಗಿದ್ದವು. ಇದೇ ದೀಪವು ಬೋಟಿನ ಮೇಲೇರಿತು. ಪ್ರಖರವಾದ ಬೆಳಕನ್ನು ಕತ್ತಲೆಯ ನೀರಿನ ಮೇಲೆ ಹಾಯಿಸಿದಾಗ ಮೀನುಗಳು ಅದರೆಡೆಗೆ ಬಂದು ಗುಂಪುಗೂಡುತ್ತವೆ. ದೊಡ್ಡ ಮೀನು, ಮರಿಮೀನು ಎಂಬ ಭೇದವಿಲ್ಲದೆ ಬಲೆಗೆ ಬೀಳುತ್ತವೆ. ೨೦೧೭ರ ನವೆಂಬರದಲ್ಲಿ ಕೇಂದ್ರ ಸರಕಾರವು ಕೃತಕ ಬೆಳಕಿನ ಮೀನುಗಾರಿಕೆಯನ್ನೂ, ಎರಡು ಬೋಟುಗಳು ಒಂದೇ ಬಲೆಯನ್ನು ಎಳೆಯುವ ಬುಲ್ ಟ್ರಾಲಿಂಗ್ ಕ್ರಮವನ್ನೂ ದೇಶದ ವಿಶಿಷ್ಟ ಆರ್ಥಿಕ ವಲಯದಲ್ಲಿ ನಿಷೇಧಿಸಿತು. ನಿಷೇಧದ ಬಳಿಕವೂ ಬೆಳಕಿನ ಮೀನುಗಾರಿಕೆ ನಿಂತಿಲ್ಲವೆಂದು ಉಡುಪಿಯ ಕರಾವಳಿಯ ನಾಡದೋಣಿಯವರು ದೂರುತ್ತ ಬಂದಿದ್ದಾರೆ.

ಮೂರು ವರ್ಷಗಳ ಅವಧಿಯಲ್ಲಿ ಒಂದೇ ವಸ್ತುವು ವಿಜ್ಞಾನದ ಪುಟದಲ್ಲಿ ಮಾನವಕುಲದ ಹೆಮ್ಮೆಯಾಗಿ, ಆಡಳಿತದ ಪುಟದಲ್ಲಿ ಮಿತವ್ಯಯದ ಸಾಧನವಾಗಿ, ಜಿಲ್ಲೆಯ ಪುಟದಲ್ಲಿ ನಿಷಿದ್ಧ ವಸ್ತುವಾಗಿ ಕಾಣಿಸಿಕೊಂಡಿತು. ಪತ್ರಿಕೆಯ ಪುಟವಿಭಾಗವು ಓದುಗನ ಅನುಕೂಲಕ್ಕಾಗಿ ಮಾಡಿದ ಏರ್ಪಾಡು. ಅದು ಓದುಗನ ತಿಳಿವಳಿಕೆಯನ್ನೇ ಮೂರು ತುಂಡಾಗಿಸಿದರೆ ಏರ್ಪಾಡು ಫಲಿಸಲಿಲ್ಲವೆಂದೇ ಹೇಳಬೇಕು.

ಹಾಗಾದರೆ ಯಂತ್ರದ ವೃತ್ತಾಂತವನ್ನು ಬೇರೆ ರೀತಿಯಲ್ಲಿ ಬರೆಯುವುದು ಸಾಧ್ಯವೇ? ಸಾಧ್ಯವೆಂಬುದಕ್ಕೆ ನಮ್ಮ ನೆರೆಯ ಕಾಸರಗೋಡಿನಿಂದಲೇ ನಿದರ್ಶನವನ್ನು ಕೊಡಬಹುದು. ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಜಿಲ್ಲೆಗಳ ಕಡಲತೀರಕ್ಕೆ ೧೯೯೭ರಿಂದ ೨೦೦೧ರ ಅವಧಿಯಲ್ಲಿ ಮೊಬೈಲ್ ಸೇವೆಯು ಹಂತಹಂತವಾಗಿ ಬಂದಿತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಎಂಬಾತನು ಆ ತೀರದ ಮೀನು ಮಾರುಕಟ್ಟೆಗಳಲ್ಲಿ ಬೂತಾಯಿಯ ಬೆಲೆಗಳನ್ನು ವರ್ಷಗಟ್ಟಲೆ ಸಂಗ್ರಹಿಸಿ ೨೦೦೭ರಲ್ಲಿ ತನ್ನ ಅಧ್ಯಯನವನ್ನು ಪ್ರಕಟಿಸಿದನು. ಕಡಲಿನಿಂದಲೇ ಬೆಲೆಯನ್ನು ವಿಚಾರಿಸಿ ಯೋಗ್ಯವಾದ ದಂಡೆಯನ್ನು ಸೇರಲು ಸಾಧ್ಯವಾದ ಮೇಲೆ ಮಾರಾಟವಾಗದೆ ಕೆಡುತ್ತಿದ್ದ ಮೀನು ಇಲ್ಲವಾಯಿತೆಂದೂ, ಮೀನುಗಾರರ ಲಾಭವು ಸರಾಸರಿ ಶೇಕಡಾ ೮ರಷ್ಟು ಏರಿತೆಂದೂ, ಕೊಳ್ಳುವವರಿಗೆ ಬೆಲೆಯು ಶೇಕಡಾ ೪ರಷ್ಟು ಇಳಿಯಿತೆಂದೂ ಆತನು ತೋರಿಸಿದನು. ಫಲಿತಾಂಶಕ್ಕಿಂತಲೂ ಇಲ್ಲಿನ ವಿಧಾನವು ನಮಗೆ ಮುಖ್ಯ. ಯಂತ್ರವು ಬರುವ ಮುನ್ನ ಆರಂಭವಾದ ಲೆಕ್ಕವು ಅದು ಬಂದ ಬಳಿಕವೂ ಮುಂದುವರಿಯಿತು. ಮಾರುವವನನ್ನೂ ಕೊಳ್ಳುವವನನ್ನೂ ಒಟ್ಟಿಗೆ ಎಣಿಸಿತು. ಇದಕ್ಕೂ ಮಿತಿಯುಂಟು. ವ್ಯಾಪಾರಿಯಿಂದ ಮುಂಗಡವನ್ನು ಪಡೆದು ಅವನಿಗೇ ಮೀನನ್ನು ಕೊಡಬೇಕಾದವನ ಕೈಯಲ್ಲಿ ಮೊಬೈಲ್ ಇದ್ದರೂ ದಂಡೆಯನ್ನು ಆರಿಸುವ ಸ್ವಾತಂತ್ರ್ಯವಿರುವುದಿಲ್ಲ. ಆದರೆ ಇಂತಹ ಪ್ರಶ್ನೆಯನ್ನು ಕೇಳಲು ಎಡೆಯಾಗುವುದೇ ಆ ಬಗೆಯ ಲೆಕ್ಕವಿದ್ದಾಗ.

ದೈನಂದಿನ ಜೀವನಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನೂ ಇಲ್ಲಿ ಸೇರಿಸಬಹುದು. ೨೦೧೬ರಲ್ಲಿ ಆರಂಭವಾದ ಯುಪಿಐ ಪಾವತಿಯ ಪದ್ಧತಿಯು ಇಂದು ಮೀನು ಮಾರುವ ಹೆಂಗಸಿನ ಬುಟ್ಟಿಯ ಬಳಿಗೂ ಬಂದಿದೆ. ಚಿಲ್ಲರೆಯ ತೊಂದರೆ ತಪ್ಪಿದುದನ್ನು ಆಕೆ ಸಂತೋಷದಿಂದಲೇ ಹೇಳುತ್ತಾಳೆ. ೨೦೨೫ರ ಮಾರ್ಚ್ ೨೬ರಂದೂ ಏಪ್ರಿಲ್ ೧೨ರಂದೂ ದೇಶಾದ್ಯಂತ ಆ ಪಾವತಿಗೆ ಅಡಚಣೆಯುಂಟಾಯಿತು. ವಾರ್ತೆಯು ಅದನ್ನು ಗ್ರಾಹಕನ ಅನಾನುಕೂಲವೆಂದು ವರ್ಣಿಸಿತು. ಮಧ್ಯಾಹ್ನದೊಳಗೆ ಮಾರದಿದ್ದರೆ ಕೆಡುವ ಸರಕನ್ನು ಮುಂದಿಟ್ಟುಕೊಂಡು ಕುಳಿತವಳಿಗೆ ಅದು ಬೇರೆಯೇ ಒಂದು ಘಟನೆ.

ಕಡೆಯದಾಗಿ ನೀತಿಯ ವಿಚಾರ. ೨೦೧೮ರ ಡಿಸೆಂಬರದಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಬೋಟು ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣದ ಸಮೀಪ ಕಡಲ ತಳದಲ್ಲಿ ಅದರ ಅವಶೇಷವು ಪತ್ತೆಯಾದುದು ೨೦೧೯ರ ಮೇ ತಿಂಗಳಲ್ಲಿ. ಆ ತಿಂಗಳುಗಳಲ್ಲಿ ಈ ತೀರದ ಮನೆಗಳು ಪಟ್ಟ ಸಂಕಟವನ್ನು ಇಲ್ಲಿ ವರ್ಣಿಸಬೇಕಾಗಿಲ್ಲ. ೨೦೨೪ರ ಆಗಸ್ಟ್ ೩೦ರಂದು ಪ್ರಧಾನಮಂತ್ರಿಯವರು ಪಾಲ್ಘರಿನಲ್ಲಿ, ೩೬೪ ಕೋಟಿ ರೂಪಾಯಿಗಳ ವೆಚ್ಚದಲ್ಲಿ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಗೆ ಚಾಲನೆಯನ್ನಿತ್ತರು. ಮೊಬೈಲ್ ಸಂಕೇತವು ತಲಪದ ದೂರದಿಂದಲೂ ಉಪಗ್ರಹದ ಮೂಲಕ ಸಂದೇಶವನ್ನು ಕಳುಹಿಸಲು ಇದು ಅನುವು ಮಾಡಿಕೊಡುತ್ತದೆ. ಏಳು ಜನರನ್ನು ಕಳೆದುಕೊಂಡ ತೀರಕ್ಕೆ ಇದು ಸ್ವಾಗತಾರ್ಹವೆಂಬುದರಲ್ಲಿ ಸಂದೇಹವಿಲ್ಲ.

ಆದರೂ ನಾವು ಕೇಳಬೇಕಾದ ಪ್ರಶ್ನೆಗಳಿವೆ. ಅಪಾಯದಲ್ಲಿರುವ ದೋಣಿಯನ್ನು ತೋರಿಸುವ ಉಪಕರಣವು ದೋಣಿಯ ನೆಲೆಯನ್ನು ಉಳಿದ ವೇಳೆಯಲ್ಲಿಯೂ ತಿಳಿಸಬಲ್ಲದು. ಆ ತಿಳಿವು ನಿಷಿದ್ಧ ಬೆಳಕಿನ ಬೋಟನ್ನು ಹಿಡಿಯಲು ಬಳಕೆಯಾಗುವುದೋ, ಸಣ್ಣ ದೋಣಿಯವನ ಎಲ್ಲೆಮೀರುವಿಕೆಯನ್ನು ದಂಡಿಸುವುದಕ್ಕಷ್ಟೇ ಬಳಕೆಯಾಗುವುದೋ? ಕೆಟ್ಟ ಉಪಕರಣವನ್ನು ಸರಿಪಡಿಸುವವರು ಬಂದರಿನಲ್ಲಿಯೇ ಇರುವರೋ? ಇವುಗಳಿಗೆ ಉತ್ತರವು ಚಾಲನೆಯ ದಿನದ ವಾರ್ತೆಯಲ್ಲಿ ದೊರೆಯಲಾರದು; ಐದು ವರ್ಷಗಳ ಬಳಿಕ ಯಾರಾದರೂ ಮಲ್ಪೆಯ ಧಕ್ಕೆಗೆ ಹೋಗಿ ವಿಚಾರಿಸಿದರೆ ಮಾತ್ರ ದೊರೆತೀತು.

ಆದುದರಿಂದ ನಮ್ಮ ಆಕ್ಷೇಪವಿರುವುದು ವರದಿಗಾರನ ಪ್ರಾಮಾಣಿಕತೆಯ ಮೇಲಲ್ಲ, ಈ ಗದ್ಯಪ್ರಕಾರದ ಕಾಲಪ್ರಜ್ಞೆಯ ಮೇಲೆ. ಹುಟ್ಟನ್ನು ಬರೆದು ಬಾಳನ್ನು ಬಿಡುವುದು ಅದರ ದೋಷ. ಈ ದೋಷದಲ್ಲಿ ಇತಿಹಾಸದ ಅಧ್ಯಾಪಕರಾದ ನಮಗೂ ಪಾಲಿದೆ. ಅರಸುಗಳ ಶಾಸನಗಳನ್ನು ಅಕ್ಷರ ಅಕ್ಷರವಾಗಿ ಓದುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವ ನಾವು, ನಮ್ಮ ಕಣ್ಣೆದುರಿಗೇ ಒಂದು ಬಲೆ ಹೋಗಿ ಇನ್ನೊಂದು ಬಂದುದನ್ನು ದಾಖಲಿಸುವ ಕೆಲಸಕ್ಕೆ ಅವರನ್ನು ಹಚ್ಚಲಿಲ್ಲ. ಇತಿಹಾಸ ವಿಭಾಗದ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿಗೆ ಬಂದ ಒಂದು ಉಪಕರಣವನ್ನು ಆರಿಸಿ, ಅದರ ಮೊದಲ ವಾರ್ತೆಯನ್ನು ಕತ್ತರಿಸಿಟ್ಟು, ಅದನ್ನು ಬಳಸುವವರ ಮಾತನ್ನೂ ಅದರಿಂದ ಬದಿಗೆ ಸರಿದವರ ಮಾತನ್ನೂ ಬರೆದಿಡಬೇಕು. ಮುಂದಿನ ತರಗತಿಯವರು ಅದೇ ಮನೆಗಳಿಗೆ ಮತ್ತೆ ಹೋಗಿ ಅದನ್ನು ಮುಂದುವರಿಸಬೇಕು. ಇದಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು.

ಕಾಲಾವಕಾಶ ಮಾತ್ರ ಹೆಚ್ಚಿಲ್ಲ. ೧೯೭೫ರಲ್ಲಿ ಇಪ್ಪತ್ತರ ಹರೆಯದಲ್ಲಿ ರಂಪಣಿಯ ಹಗ್ಗವನ್ನು ಹಿಡಿದವನಿಗೆ ಇಂದು ಎಪ್ಪತ್ತು ದಾಟಿದೆ. ಹೂಡೆಯಿಂದ ಮಲ್ಪೆಯವರೆಗಿನ ದಂಡೆಯಲ್ಲಿ ಅಂತಹವರು ಇನ್ನೂ ಇದ್ದಾರೆ. ಸಂಜೆಯ ಹೊತ್ತು ಕೇಳಿದರೆ ಹೇಳುತ್ತಾರೆ. ಕೇಳಲು ಹೋಗುವವರು ನಾವಾಗಬೇಕು.