ಬೆರಕೆಯೋ ಕಲಬೆರಕೆಯೋ

ಹಳೇ ಮೈಸೂರು ಸೀಮೆಯಲ್ಲಿ ಒಂದೆರಡು ಮಳೆ ಬಿದ್ದರೆ ಹೊಲದ ಬದುಗಳಲ್ಲಿ ಬೆರಕೆ ಸೊಪ್ಪು ಕೊಯ್ಯುವ ಹೆಂಗಸರು ಕಾಣಿಸಿಕೊಳ್ಳುತ್ತಾರೆ. ಅಣ್ಣೆ, ಗೋಣಿ, ದಗ್ಗಲರಿವೆ, ಹೊನಗೊನ್ನೆ ಎಲ್ಲವೂ ಒಂದೇ ಮಡಿಲಿಗೆ ಬೀಳುತ್ತವೆ. ಹಾಗೆ ಬಿದ್ದ ಒಂದೊಂದು ಎಲೆಯ ಹೆಸರೂ ಕೊಯ್ದವಳಿಗೆ ಗೊತ್ತು. ಕೊಯ್ಯದೆ ಬಿಟ್ಟ ಎಲೆಯ ಹೆಸರು ಇನ್ನೂ ಚೆನ್ನಾಗಿ ಗೊತ್ತು. ಇದೇ ಮಾತಿನ ಹಿಂದೆ ಎರಡಕ್ಷರ ಸೇರಿದರೆ ಕಲಬೆರಕೆ. ಅದನ್ನು ನಾವು ಹಾಲಿಗೆ, ಎಣ್ಣೆಗೆ, ಬಿತ್ತನೆ ಬೀಜಕ್ಕೆ ಬಳಸುತ್ತೇವೆ. ಅಲ್ಲಿ ಬೆರೆಸಿದವನು ಹೇಳುವುದಿಲ್ಲ, ಕೊಂಡವನಿಗೆ ತಿಳಿಯುವುದಿಲ್ಲ. ಎರಡರಲ್ಲೂ ಬೆರೆಸುವುದು ಒಂದೇ. ನಡುವಿನ ಅಂತರ ತಿಳಿವಳಿಕೆಯದ್ದು.

ಅಮೆರಿಕದ ಸಣ್ಣ ಹಿಡುವಳಿದಾರರಲ್ಲಿ ಈಚಿನ ದಶಕಗಳಲ್ಲಿ ಬೆಳೆದುಬಂದ ಒಂದು ರೂಢಿಯನ್ನು ತೂಗಲು ಈ ಎರಡು ಮಾತುಗಳಿಗಿಂತ ಒಳ್ಳೆಯ ತಕ್ಕಡಿ ನನಗೆ ಸಿಕ್ಕಿಲ್ಲ. ಅಲ್ಲಿ ಪಾರಂಪರಿಕ ಟರ್ಕಿ ಕೋಳಿ ಸಾಕಬೇಕೆಂದು ಹೊರಟ ಹೊಸಬರಲ್ಲಿ ಎಷ್ಟೋ ಜನ ಒಂದೇ ಶುದ್ಧ ಬಗೆಯ ಹಕ್ಕಿಗಳಿಂದ ಶುರುಮಾಡುವುದಿಲ್ಲ. ಹ್ಯಾಚರಿಗಳು 'ಎಲ್ಲ ಬಗೆಯೂ ಸೇರಿದ್ದು' ಎಂದು ಮಾರುವ ಮರಿಗಳ ಪೆಟ್ಟಿಗೆಯನ್ನೋ ಅಕ್ಕಪಕ್ಕದ ಫಾರ್ಮಿನಲ್ಲಿ ಮಿಕ್ಕ ಮಿಶ್ರ ಹಕ್ಕಿಗಳನ್ನೋ ತಂದು ಹಿಂಡು ಕಟ್ಟುತ್ತಾರೆ. ಹೀಗೆ ಮಾಡುವುದು ಪರಂಪರೆಯನ್ನು ಉಳಿಸಿದ ಹಾಗೋ, ಕೆಡಿಸಿದ ಹಾಗೋ?

ಮೊದಲು 'ಪಾರಂಪರಿಕ' ಎನ್ನುವುದು ಯಾವುದಕ್ಕೆ ಎಂದು ನೋಡಬೇಕು. ಅಮೆರಿಕದ ಅಂಗಡಿಯಲ್ಲಿ ಸಿಗುವ ಟರ್ಕಿ ಬಹುಪಾಲು ಒಂದೇ ಬಗೆಯದು, ಅಗಲ ಎದೆಯ ಬಿಳಿ ಹಕ್ಕಿ. ಎದೆಯ ಮಾಂಸಕ್ಕಾಗಿ ಅದನ್ನು ಎಷ್ಟು ಹಿಗ್ಗಿಸಿದ್ದಾರೆಂದರೆ ಗಂಡು ಹೆಣ್ಣನ್ನು ಕೂಡಲಾರದು. ಇಡೀ ಉದ್ಯಮ ಕೃತಕ ಗರ್ಭಧಾರಣೆಯ ಮೇಲೆ ನಿಂತಿದೆ. ಇದಕ್ಕೆ ಎದುರಾಗಿ, ಕೈಬಿಟ್ಟುಹೋಗುತ್ತಿರುವ ಸಾಕುಪ್ರಾಣಿಗಳ ರಕ್ಷಣೆಗಿರುವ ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಮೂರು ಪರೀಕ್ಷೆಗಳನ್ನು ಇಟ್ಟಿದೆ. ಹಕ್ಕಿಗಳು ತಾವಾಗಿಯೇ ಕೂಡಿ ಮರಿ ಮಾಡಬೇಕು. ಬಯಲಿನಲ್ಲಿ ಬಹುಕಾಲ ಬಾಳಬೇಕು. ಹೇಟೆ ಐದರಿಂದ ಏಳು ವರ್ಷ, ಹುಂಜ ಮೂರರಿಂದ ಐದು ವರ್ಷ ಸಂತಾನಕ್ಕೆ ಒದಗಬೇಕು. ನಿಧಾನವಾಗಿ ಬೆಳೆದು ಸುಮಾರು 28 ವಾರಕ್ಕೆ ಮಾರುವ ತೂಕಕ್ಕೆ ಬರಬೇಕು. 1997ರಲ್ಲಿ ಇದೇ ಸಂಸ್ಥೆ ಹ್ಯಾಚರಿಗಳಲ್ಲಿ ಎಣಿಸಿದಾಗ ಸಂತಾನಕ್ಕೆಂದು ಉಳಿದಿದ್ದ ಇಂಥ ಹಕ್ಕಿಗಳು ಎಲ್ಲ ಬಗೆ ಸೇರಿ 1,300ರ ಆಸುಪಾಸು. ಕೋಟಿಗಟ್ಟಲೆ ಟರ್ಕಿ ತಿನ್ನುವ ದೇಶದಲ್ಲಿ ಉಳಿದಿದ್ದು ಅಷ್ಟೇ. ಮತ್ತೆ ಜನ ಅವನ್ನು ಊಟಕ್ಕೆ ಕೇಳತೊಡಗಿದ ಮೇಲೆ ಸಂಖ್ಯೆ ಏರಿತು. ತಿಂದಿದ್ದರಿಂದಲೇ ಉಳಿದ ಜೀವ ಇದು.

ಆ ಮೂರು ಪರೀಕ್ಷೆಗಳಲ್ಲಿ ಗರಿಯ ಬಣ್ಣದ ಮಾತೇ ಇಲ್ಲ. ಕೂಡುವುದು, ಬಾಳುವುದು, ಬೆಳೆಯುವುದು ಎಲ್ಲವೂ ಹಕ್ಕಿ ಬದುಕುವ ರೀತಿಗೆ ಸೇರಿದವು. ಆದರೆ ಮಾರುಕಟ್ಟೆಯಲ್ಲಿ ಹಕ್ಕಿಗಳನ್ನು ಕರೆಯುವುದು ಬಣ್ಣದಿಂದ: ಕಂಚು, ಕಪ್ಪು, ಸ್ಲೇಟು, ಬೂರ್ಬನ್ ಕೆಂಪು, ನ್ಯಾರಗ್ಯಾನ್ಸೆಟ್, ರಾಯಲ್ ಪಾಮ್. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್‌ನ ಪ್ರದರ್ಶನ ಮಾನದಂಡದ ಪ್ರಕಾರ ಇವೆಲ್ಲ ಬೇರೆ ಬೇರೆ ತಳಿಗಳೇ ಅಲ್ಲ. ಟರ್ಕಿ ಒಂದೇ ತಳಿ, ಅದರಲ್ಲಿ ಎಂಟು ಬಗೆ. ಹಾಗೆ ನೋಡಿದರೆ 'ಮಿಶ್ರತಳಿ ಟರ್ಕಿ' ಎಂಬ ಮಾತೇ ಸ್ವಲ್ಪ ಅವಸರದ್ದು. ಬೆರೆತದ್ದು ಬಗೆಗಳು.

ಆ ಬಗೆಗಳಾದರೂ ಎಲ್ಲಿಂದ ಬಂದವು? ಇಲ್ಲಿ ಶುದ್ಧತೆಯ ವಾದಕ್ಕೆ ಮೊದಲ ಪೆಟ್ಟು ಬೀಳುತ್ತದೆ. ಮೆಕ್ಸಿಕೋದ ಮೂಲನಿವಾಸಿಗಳು ಪಳಗಿಸಿದ ಹಕ್ಕಿಯನ್ನು ಹದಿನಾರನೇ ಶತಮಾನದ ಆರಂಭದಲ್ಲಿ ಸ್ಪೇನಿನವರು ಯುರೋಪಿಗೆ ಒಯ್ದರು. ವಲಸೆಗಾರರ ಹಡಗಿನಲ್ಲಿ ಅದೇ ಹಕ್ಕಿ ಮತ್ತೆ ಅಟ್ಲಾಂಟಿಕ್ ದಾಟಿ ಉತ್ತರ ಅಮೆರಿಕಕ್ಕೆ ಬಂತು. ಅಲ್ಲಿನ ಕಾಡುಟರ್ಕಿಗಳೊಡನೆ ಬೆರೆತು ಕಂಚು ಬಣ್ಣದ್ದೂ, ರೋಡ್ ಐಲೆಂಡಿನ ಕೊಲ್ಲಿಯ ಹೆಸರು ಹೊತ್ತ ನ್ಯಾರಗ್ಯಾನ್ಸೆಟ್ಟೂ ಹುಟ್ಟಿದವು. ಈ ಹಕ್ಕಿಯ ಹೆಸರಿನಲ್ಲೇ ಊರು ತಪ್ಪಿದೆ. ಇಂಗ್ಲಿಷರು ಅದಕ್ಕೆ ತುರ್ಕಿಯ ಹೆಸರಿಟ್ಟರು, ಫ್ರೆಂಚರು ಇಂಡಿಯಾದ್ದೆಂದರು, ಡಚ್ಚರು ಕಲ್ಲಿಕೋಟೆಯದೆಂದು 'ಕಲ್ಕುನ್' ಎಂದು ಕರೆದರು. ನಿಜವಾಗಿ ನಮ್ಮ ಪಡುವಣ ಕರಾವಳಿಗೆ ಅದು ಬಂದದ್ದು ಪೋರ್ಚುಗೀಸರ ಜೊತೆ. ಗೋವಾದಿಂದ 1612ರಲ್ಲಿ ತರಿಸಿದ ಒಂದು ಹುಂಜವನ್ನು ಕಂಡು ಬೆರಗಾದ ಜಹಾಂಗೀರ್ ಅದರ ತಲೆ ಕತ್ತುಗಳು ಗೋಸುಂಬೆಯಂತೆ ಬಣ್ಣ ಬದಲಿಸುವುದನ್ನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟ. ಅವನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಅದರ ಚಿತ್ರ ಬರೆದ.

ಇನ್ನೂ ಈಚಿನ ಉದಾಹರಣೆಗಳಿವೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಕೆಂಟಕಿಯ ಜೆ. ಎಫ್. ಬಾರ್ಬಿ ಎಂಬಾತ ನಸುಹಳದಿ, ಕಂಚು, ಬಿಳಿ ಹಾಲೆಂಡ್ ಹಕ್ಕಿಗಳನ್ನು ಕೂಡಿಸಿ ಬೂರ್ಬನ್ ಕೆಂಪನ್ನು ತೆಗೆದ. 1909ರಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. ಸರ್ಕಾರದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರ 1930ರ ದಶಕದಲ್ಲಿ ಹಲವು ಬಗೆಗಳ ಜೊತೆ ಕಾಡುಟರ್ಕಿಯನ್ನೂ ಬೆರೆಸಿ ಪುಟ್ಟ ಬಿಳಿ ಹಕ್ಕಿಯೊಂದನ್ನು ಕಟ್ಟಿತು. ಎಲ್ಲಕ್ಕಿಂತ ಸೊಗಸಾದ ಕತೆ ರಾಯಲ್ ಪಾಮ್‌ನದು. ಬೆಳ್ಳಗಿನ ಮೈಗೆ ಕಪ್ಪು ಅಂಚು ಕಟ್ಟಿದ ಈ ಹಕ್ಕಿ ಕಾಣಿಸಿಕೊಂಡಿದ್ದು 1920ರ ದಶಕದಲ್ಲಿ, ಫ್ಲಾರಿಡಾದ ಲೇಕ್ ವರ್ತ್‌ನಲ್ಲಿದ್ದ ಎನೋಕ್ ಕಾರ್ಸನ್ ಎಂಬವರ ಫಾರ್ಮಿನಲ್ಲಿ. ಅವರ ಅಂಗಳದಲ್ಲಿದ್ದದ್ದು ಕಪ್ಪು, ಕಂಚು, ನ್ಯಾರಗ್ಯಾನ್ಸೆಟ್, ಕಾಡುಟರ್ಕಿ ಎಲ್ಲ ಒಟ್ಟಿಗಿದ್ದ ಬೆರಕೆ ಹಿಂಡು. ಇವತ್ತು ಬೆರಕೆ ಹಿಂಡನ್ನು ಕಂಡು ಮೂಗು ಮುರಿಯುವವರು ಪ್ರದರ್ಶನದಲ್ಲಿ ಇಡುವ ರಾಯಲ್ ಪಾಮ್, ಅಂಥದೇ ಒಂದು ಹಿಂಡಿನ ಮೊಮ್ಮಗಳು.

ಬೆರಕೆಯ ಪರ ಇರುವವರು ಈ ಕತೆಗಳನ್ನು ಉತ್ಸಾಹದಿಂದ ಹೇಳಿ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ತಕರಾರು ಇಲ್ಲಿಂದ ಶುರು. ಹೊಸ ಬಣ್ಣ ಹುಟ್ಟಿದ್ದು ಕತೆಯ ಮೊದಲ ಸಾಲು ಮಾತ್ರ. ಹುಟ್ಟಿದ್ದನ್ನು ಗುರುತಿಸಿ, ಪ್ರತ್ಯೇಕ ಇಟ್ಟು, ಹೊಂದದ ಮರಿಗಳನ್ನು ಊಟಕ್ಕೆ ಕಳಿಸಿ, ವರ್ಷಗಟ್ಟಲೆ ಅದೇ ರೂಪಕ್ಕೆ ತಂದು ನಿಲ್ಲಿಸಿದ ದುಡಿಮೆ ಆಮೇಲಿನದು. ಬೆರೆಸುವುದಕ್ಕೆ ಒಂದು ವಸಂತ ಸಾಕು. ನಿಲ್ಲಿಸುವುದಕ್ಕೆ ಹತ್ತಾರು ಬೇಕು.

ನಿಲ್ಲಿಸುವ ಕೆಲಸ ಯಾಕೆ ಕಷ್ಟವೆಂದರೆ ಟರ್ಕಿಯ ಗರಿ ಸುಳ್ಳು ಹೇಳುತ್ತದೆ. ಬಿಳಿ ಹಾಲೆಂಡ್ ಹಕ್ಕಿಯ ಬಿಳುಪು ಒಂದು ಮುಸುಕು. ಅದರಡಿ ಯಾವ ಬಣ್ಣದ ಗುಣ ಬೇಕಾದರೂ ಅಡಗಿರಬಹುದು, ಮೊಮ್ಮಕ್ಕಳಲ್ಲಿ ಹೊರಬೀಳಬಹುದು. ರಾಯಲ್ ಪಾಮನ್ನೂ ಬೂರ್ಬನ್ ಕೆಂಪನ್ನೂ ಕೂಡಿಸಿದರೆ ಮರಿಗಳು ಅಪ್ಪನಂತೆಯೂ ಇರುವುದಿಲ್ಲ, ಅಮ್ಮನಂತೆಯೂ ಇರುವುದಿಲ್ಲ. ಹೆಚ್ಚಾಗಿ ಕಾಡುಟರ್ಕಿಯನ್ನು ನೆನಪಿಸುವ, ಕೆಂಪು ಛಾಯೆಯ ಕಂಚು ಬಣ್ಣಕ್ಕೆ ಮರಳುತ್ತವೆ. ಇನ್ನೊಂದು ಜೋಡಿ ಇನ್ನೂ ಮೋಸದ್ದು. ನ್ಯಾರಗ್ಯಾನ್ಸೆಟ್ ಹುಂಜಕ್ಕೆ ಕಂಚಿನ ಹೇಟೆ ಕೂಡಿದರೆ ಗಂಡುಮರಿಗಳೆಲ್ಲ ಕಂಚು, ಹೆಣ್ಣುಮರಿಗಳೆಲ್ಲ ನ್ಯಾರಗ್ಯಾನ್ಸೆಟ್ ಬಣ್ಣ. ಆ ಬಣ್ಣದ ಗುಣ ಲಿಂಗಕ್ಕೆ ಅಂಟಿಕೊಂಡು ಬರುವುದರಿಂದ, ಹೆಣ್ಣುಮರಿಗೆ ಅದು ಅಪ್ಪನಿಂದ ಮಾತ್ರ ದಾಟುತ್ತದೆ. ಒಂದೇ ಗೂಡಿನ ಅಣ್ಣತಂಗಿಯರನ್ನು ಅಮಾಯಕ ಸಾಕಣೆದಾರ ಎರಡು ಶುದ್ಧ ಬಗೆಗಳೆಂದು ನಂಬುತ್ತಾನೆ. ಅಮಾಯಕನಲ್ಲದವನು ಹಾಗೆಂದು ಮಾರುತ್ತಾನೆ.

ಅಪ್ಪ ಯಾರೆಂಬುದೂ ಅಷ್ಟು ಸುಲಭದ ಲೆಕ್ಕವಲ್ಲ. ಟರ್ಕಿ ಹೇಟೆ ಹುಂಜದ ವೀರ್ಯವನ್ನು ತನ್ನೊಳಗೆ ವಾರಗಟ್ಟಲೆ, ಕೆಲವೊಮ್ಮೆ ಹತ್ತು ವಾರದವರೆಗೂ ಜೀವಂತವಾಗಿ ಕಾಪಾಡಿಕೊಳ್ಳಬಲ್ಲದು. ಬೆರಕೆ ಹಿಂಡಿನಿಂದ ಒಂದು ಹೇಟೆಯನ್ನು ಬೇರೆ ಮಾಡಿ, ಬೇಕಾದ ಹುಂಜದ ಜೊತೆ ಬಿಟ್ಟು, ಮರುವಾರವೇ ಮೊಟ್ಟೆ ಕಾವಿಗಿಟ್ಟವನು 28 ದಿನದ ನಂತರ ಹಳೆಯ ಹುಂಜದ ಮುಖವನ್ನೇ ಕಾಣಬಹುದು. ಹಿಂಡನ್ನು ಚಳಿಗಾಲದಲ್ಲೇ ಬೇರ್ಪಡಿಸಿಡಬೇಕೆಂದು ಬಲ್ಲವರು ಹೇಳುವುದು ಇದಕ್ಕೆ.

ಬಣ್ಣ ಕೆಡುವುದು ದೊಡ್ಡ ನಷ್ಟವೆಂದು ನಾನು ಹೇಳುತ್ತಿಲ್ಲ. ದೊಡ್ಡ ಅಪಾಯ ಬೇರೆಯದು. ಅಗಲ ಎದೆಯ ಹಕ್ಕಿಗಳಲ್ಲಿ ಕಂಚು ಬಣ್ಣದವೂ ಇವೆ. ಮರಿಯಾಗಿದ್ದಾಗ ಅವಕ್ಕೂ ಪಾರಂಪರಿಕ ಕಂಚಿಗೂ ವ್ಯತ್ಯಾಸ ಹೇಳುವುದು ಕಷ್ಟ. ಮಿಶ್ರ ಮರಿಗಳ ಪೆಟ್ಟಿಗೆಯಲ್ಲಿ, ನೆರೆಯವನು ಕೊಟ್ಟ 'ನಾಟಿ' ಹುಂಜದಲ್ಲಿ ಆ ರಕ್ತ ಅರ್ಧದಷ್ಟೋ ಕಾಲುಭಾಗವೋ ನುಸುಳಿದ್ದರೆ ಮೊದಲ ವರ್ಷ ಸಂತೋಷವೇ: ಹಕ್ಕಿ ಬೇಗ ತುಂಬಿಕೊಳ್ಳುತ್ತದೆ, ನೋಡಿದವರು ಹೊಗಳುತ್ತಾರೆ. ಎರಡನೇ ವಸಂತದಲ್ಲಿ ಹುಂಜ ಹೇಟೆಯ ಬೆನ್ನೇರಲಾರದೆ ಜಾರುತ್ತದೆ, ಇಲ್ಲವೇ ಅದರ ಭಾರಕ್ಕೆ ಹೇಟೆಯ ಮೈ ಸೀಳುತ್ತದೆ. ಮೊಟ್ಟೆಗಳು ಜೊಳ್ಳಾಗುತ್ತವೆ. ಬಣ್ಣದ ಪರೀಕ್ಷೆಯಲ್ಲಿ ಪಾಸಾದ ಹಕ್ಕಿ ಆ ಮೂರು ಪರೀಕ್ಷೆಗಳಲ್ಲಿ ಮೊದಲನೆಯದನ್ನೇ ಪಾಸು ಮಾಡುವುದಿಲ್ಲ. ಇದು ಕಲಬೆರಕೆ.

ನಮಗೂ ಇದು ಹೊಸತಲ್ಲ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಕೋಳಿಯನ್ನು ಬಣ್ಣದ ಗರಿ ನೋಡಿ ನಾಟಿಯೆಂದು ಕೊಂಡವರೆಷ್ಟು! ಗಿರಿರಾಜ ತನ್ನ ಮಟ್ಟಿಗೆ ಒಳ್ಳೆಯ ಹಕ್ಕಿ. ಹಿತ್ತಿಲಿಗೆಂದೇ ಬೆರೆಸಿ ಕಟ್ಟಿದ್ದು, ಹಾಗೆಂದು ಹೇಳಿಯೇ ಕೊಟ್ಟಿದ್ದು. ಆದರೆ ಅದರ ಮೊಟ್ಟೆಯನ್ನು ಮನೆಯಲ್ಲೇ ಮರಿ ಮಾಡಿಸಿದರೆ ಅದೇ ಹುರುಪು ಬರುವುದಿಲ್ಲ. ಬೆರಕೆ ಟರ್ಕಿಗೂ ಇದೇ ಮಾತು. ಮೊದಲ ಪೀಳಿಗೆಯ ಮರಿಗಳು ಗಟ್ಟಿಮುಟ್ಟಾಗಿರುತ್ತವೆ. ಅದನ್ನು ಕಂಡು 'ಬೆರಕೆಯೇ ಮೇಲು' ಎಂದು ತೀರ್ಪು ಕೊಡುವವರು ಎರಡನೇ ಪೀಳಿಗೆ ಚದುರುವವರೆಗೆ ಕಾದಿರುವುದಿಲ್ಲ.

ವೈವಿಧ್ಯ ಹೆಚ್ಚುತ್ತದೆ ಎಂಬ ಇನ್ನೊಂದು ವಾದವನ್ನೂ ಅಂಕಿಗೆ ಒಡ್ಡಬೇಕು. ಐದು ಹೇಟೆ, ಒಂದು ಹುಂಜ ಇರುವ ಹಿಂಡು ನೋಡಲು ಆರು ಹಕ್ಕಿ. ತಳಿಶಾಸ್ತ್ರದ ಸೂತ್ರಕ್ಕೆ ಹಾಕಿದರೆ, ಅಂದರೆ ಗಂಡು ಹೆಣ್ಣುಗಳ ಗುಣಲಬ್ಧವನ್ನು ನಾಲ್ಕರಿಂದ ಗುಣಿಸಿ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ, ಅದರ ಬೆಲೆ ಮೂರೂ ಚಿಲ್ಲರೆ. ಐದು ಹೇಟೆ ಐದು ಬಗೆಯವಾದರೂ ಮುಂದಿನ ವರ್ಷದ ಮರಿಗಳಿಗೆಲ್ಲ ಅಪ್ಪ ಒಬ್ಬನೇ. ಅವುಗಳಲ್ಲೇ ಜೋಡಿ ಮಾಡಿದರೆ ಪೆಟ್ಟಿಗೆಯಲ್ಲಿ ತಂದ ವೈವಿಧ್ಯ ನಾಲ್ಕೈದು ವರ್ಷದಲ್ಲಿ ಕರಗುತ್ತದೆ. ಎರಡು ಮೂರು ಹುಂಜ ಇಟ್ಟುಕೊಂಡು ಸರದಿಯಲ್ಲಿ ಬಿಡದ ಬೆರಕೆ ಹಿಂಡು ವೈವಿಧ್ಯದ ಹೆಸರು ಹೇಳಬಾರದು.

ಹಾಗಾದರೆ ಶುದ್ಧ ಬಗೆಯೇ ದಾರಿಯೋ? ಕೆಲವರಿಗೆ ಹೌದು. ಕ್ಯಾನ್ಸಾಸ್‌ನ ಲಿಂಡ್ಸ್‌ಬರ್ಗ್‌ನಲ್ಲಿ ಫ್ರಾಂಕ್ ರೀಸ್ ಹಿಂದಿನ ತಲೆಮಾರಿನ ತಳಿಗಾರರಿಂದ ಬಂದ ಟರ್ಕಿ ವಂಶಗಳನ್ನು ದಶಕಗಳಿಂದ ಹಾಗೇ ಕಾಯ್ದುಕೊಂಡು ಬಂದಿದ್ದಾರೆ. ಅಂಥವರು ಬೆರೆಸದೆ ಇದ್ದುದರಿಂದಲೇ ಇವತ್ತು ಬೆರೆಸುವವರಿಗೆ ಬೆರೆಸಲು ಏನಾದರೂ ಇದೆ. ಎಲ್ಲರೂ ಬೆರಕೆ ಹಿಂಡನ್ನೇ ಕಟ್ಟಿದರೆ ಸ್ಲೇಟಿನ ಹೇಟೆಯೊಂದು ಬೇಕೆಂದಾಗ ಎಲ್ಲಿಗೆ ಹೋಗುವುದು? ಬೆರಕೆ ಹಿಂಡು ಶುದ್ಧ ಹಿಂಡಿನ ಸಾಲದ ಮೇಲೆ ಬದುಕುತ್ತದೆ. ಆ ಸಾಲವನ್ನು ಒಪ್ಪಿಕೊಂಡವರು ತಮ್ಮ ಮಿಕ್ಕ ಹಕ್ಕಿಗಳನ್ನು ಊಟದ ಮೇಜಿಗೆ ಮಾರುತ್ತಾರೆ, ತಳಿಹಕ್ಕಿಯೆಂದು ಮಾರುವುದಿಲ್ಲ.

ಇಷ್ಟು ಹೇಳಿಯೂ, ಹೊಸಬರು ಬೆರಕೆಯಿಂದ ಶುರುಮಾಡುವುದನ್ನು ನಾನು ತಪ್ಪೆನ್ನಲಾರೆ. ಸಂಖ್ಯೆ ಕಡಿಮೆ ಇರುವ ಅಪರೂಪದ ಬಗೆಯೊಂದನ್ನು ಮೊದಲ ಬಾರಿ ಟರ್ಕಿ ಸಾಕುವವನ ಕೈಗೆ ಕೊಡುವುದೇ ಅಜಾಗರೂಕತೆ. ಮರಿಗಳಿಗೆ ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ಕೋಳಿಮರಿಯ ಮೇವಿಗಿಂತ ಹೆಚ್ಚು ಪ್ರೋಟೀನಿನ ಮೇವು ಬೇಕು. ಕೋಳಿ ಓಡಾಡಿದ ನೆಲದಲ್ಲಿ ಬಿಟ್ಟರೆ ಬ್ಲ್ಯಾಕ್‌ಹೆಡ್ ರೋಗ ಕಾದಿರುತ್ತದೆ. ಈ ಪಾಠಗಳಿಗೆಲ್ಲ ಶುಲ್ಕ ಕಟ್ಟುವುದು ಮರಿಗಳೇ. ಆ ಶುಲ್ಕ ಬೆರಕೆ ಮರಿಗಳಿಂದ ಹೋಗಲಿ. ಆದರೆ ಕಲಿಯುವ ಹಿಂಡನ್ನು ಕಾಯುವ ಹಿಂಡೆಂದು ಕರೆದುಕೊಂಡರೆ ಅಲ್ಲಿಂದ ಆತ್ಮವಂಚನೆ ಶುರು.

ಎರಡರ ನಡುವೆ ಗೆರೆ ಎಳೆಯುವುದು ಕಾಲಿಗೆ ಕಟ್ಟಿದ ಒಂದು ಪಟ್ಟಿ, ಮೂಲೆಯಲ್ಲಿಟ್ಟ ಒಂದು ನೋಟ್‌ಬುಕ್. ಯಾವ ಹೇಟೆ ತಾನಾಗಿ ಕಾವಿಗೆ ಕೂತಿತು, ಯಾವುದು ಅರ್ಧಕ್ಕೆ ಎದ್ದು ಹೋಯಿತು, ಯಾವ ಹುಂಜದ ಮೊಟ್ಟೆಗಳು ನೂರಕ್ಕೆ ಎಪ್ಪತ್ತಾದರೂ ಫಲಿಸಿದವು, 28ನೇ ವಾರದಲ್ಲಿ ಯಾರ ತೂಕ ಎಷ್ಟು ಎಂದು ಮೂರು ವಸಂತ ಬರೆದಿಟ್ಟವನ ಹಿಂಡಿನಲ್ಲಿ ಆರು ಬಣ್ಣವಿದ್ದರೂ ಅದು ಬೆರಕೆ. ಬರೆಯದವನ ಹಿಂಡು ಒಂದೇ ಬಣ್ಣದ್ದಾದರೂ, ಯಾಕೆ ಈ ಹೇಟೆಯನ್ನೇ ಇಟ್ಟುಕೊಂಡೆ ಎಂದು ಕೇಳಿದರೆ ಅವನು ಗರಿಯನ್ನೇ ತೋರಿಸುತ್ತಾನೆ.