ಹೊರಟುಹೋಗದ ಯುವಕ

ರೆಂಬ್ರಾಂಟನು 1648ರ ಸುಮಾರಿಗೆ ಆಂಸ್ಟರ್‌ಡ್ಯಾಮಿನಲ್ಲಿ ಮುಗಿಸಿದ ಅಚ್ಚುಚಿತ್ರವೊಂದು ‘ನೂರು ಗಿಲ್ಡರಿನ ಚಿತ್ರ’ವೆಂದು ಪ್ರಸಿದ್ಧವಾಗಿದೆ. ಅದರ ಪ್ರತಿಗೆ ಅಷ್ಟು ದೊಡ್ಡ ಬೆಲೆ ಬಂದಿತೆಂಬ ಮಾತೇ ಹೆಸರಾಗಿ ನಿಂತಿತು. ಐಶ್ವರ್ಯವನ್ನು ಬಿಡಲಾರದವನ ಸಂಕಟವನ್ನು ಒಳಗೊಂಡ ಚಿತ್ರಕ್ಕೆ ಬೆಲೆಯೇ ಹೆಸರಾದದ್ದು ವಿಚಿತ್ರವೇ ಸರಿ.

ಕ್ರಿಸ್ತನು ರೋಗಿಗಳನ್ನು ಗುಣಪಡಿಸುವ ದೃಶ್ಯವೆಂದು ಇದನ್ನು ವಿವರಿಸುವುದುಂಟು. ಅಷ್ಟರಿಂದ ಚಿತ್ರ ತೀರುವುದಿಲ್ಲ. ಮತ್ತಾಯನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಒಂದಾದ ಮೇಲೊಂದು ಪ್ರಸಂಗಗಳು ಬರುತ್ತವೆ: ಮೊದಲು ರೋಗಿಗಳು, ಬಳಿಕ ವಾದಕ್ಕೆ ಬಂದ ಫರಿಸಾಯರು, ಅನಂತರ ಶಿಷ್ಯರ ಗದರಿಕೆಗೆ ಒಳಗಾಗುವ ಮಕ್ಕಳು, ಕೊನೆಗೆ ಆಸ್ತಿಯನ್ನು ಬಡವರಿಗೆ ಹಂಚೆಂಬ ಮಾತು ಕೇಳಿ ವ್ಯಸನದಿಂದ ಹೊರಟುಹೋಗುವ ಯುವಕ. ಸುಮಾರು 28 ಸೆಂಟಿಮೀಟರ್ ಎತ್ತರ, 39 ಸೆಂಟಿಮೀಟರ್ ಅಗಲದ ಒಂದೇ ತಾಮ್ರದ ತಗಡಿನಲ್ಲಿ ಕಲಾವಿದನು ಇವರೆಲ್ಲರನ್ನೂ ಒಂದೇ ಗಳಿಗೆಗೆ ಸೇರಿಸಿದ್ದಾನೆ.

ಇದರಿಂದ ಕಥೆಯ ಅರ್ಥವೇ ಬದಲಾಗುತ್ತದೆ. ಗ್ರಂಥದಲ್ಲಿ ಯುವಕನು ಹೊರಟುಹೋದ ಮೇಲೆ ಸೂಜಿಯ ಕಣ್ಣು, ಒಂಟೆಗಳ ಮಾತು ಬರುತ್ತದೆ. ಚಿತ್ರದಲ್ಲಿ ಒಂಟೆ ಆಗಲೇ ಬಲತುದಿಯ ಕಮಾನಿನ ಬಳಿ ಬಂದು ನಿಂತಿದೆ. ಯುವಕನೋ ಎಡಗಡೆ ಬೆಲೆಬಾಳುವ ಉಡುಪಿನಲ್ಲಿ, ಮುಖಕ್ಕೆ ಕೈಯಾನಿಸಿ, ಇನ್ನೂ ಕುಳಿತೇ ಇದ್ದಾನೆ. ತೀರ್ಪು ಬಂದಿದೆ, ಅವನ ನಿರ್ಧಾರ ಬಂದಿಲ್ಲ. ಕಲಾವಿದನು ಅವನಿಗೆ ಗ್ರಂಥ ಕೊಡದ ಅವಕಾಶವೊಂದನ್ನು ಕೊಟ್ಟಿದ್ದಾನೆಂದೇ ನನಗೆ ತೋರುತ್ತದೆ.

ಬೆಳಕಿನ ಹಂಚಿಕೆಯೂ ಗಮನಾರ್ಹವಾದದ್ದು. ವಾದಿಸುವ ಪಂಡಿತರಿರುವ ಎಡಭಾಗದಲ್ಲಿ ಕೆಲವೇ ಗೆರೆಗಳು. ಬರಿಯ ಕಾಗದವೇ ಅಲ್ಲಿ ಬೆಳಕು. ರೋಗಿಗಳಾದರೋ ಬಲಗಡೆಯ ಗಾಢವಾದ ಕತ್ತಲೆಯಿಂದ ಬರುತ್ತಾರೆ. ಬೆಳಕಿನಲ್ಲಿರುವವರು ತಮ್ಮತಮ್ಮಲ್ಲೇ ಮಾತಿನಲ್ಲಿ ಮುಳುಗಿದ್ದಾರೆ. ಕತ್ತಲೆಯಿಂದ ಬಂದವರ ಕಣ್ಣು ಕ್ರಿಸ್ತನ ಮೇಲಿದೆ. ಮೊಣಕಾಲೂರಿದ ಹೆಂಗಸೊಬ್ಬಳ ಮುಗಿದ ಕೈಗಳ ನೆರಳು ಅವನ ನಿಲುವಂಗಿಯ ಮೇಲೆಯೇ ಬಿದ್ದಿದೆ. ತಲೆಯ ಸುತ್ತ ಪ್ರಭೆಯುಳ್ಳವನ ಮೈಮೇಲೆ ಬಡವಳ ನೆರಳು! ಅವಳ ಬೇಡಿಕೆ ಮುಟ್ಟಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ತಗಡಿನ ಮುಂದಿನ ಗತಿ ಮಾತ್ರ ವಿಷಾದಕರವಾದದ್ದು. ವಿಲಿಯಂ ಬೇಯ್ಲಿ ಎಂಬ ಕ್ಯಾಪ್ಟನನು ಸವೆದಿದ್ದ ಅದನ್ನು ಕೊಂಡು, ತಾನೇ ತಿದ್ದಿ, 1775ರಲ್ಲಿ ಪ್ರತಿಗಳನ್ನು ಅಚ್ಚು ಹಾಕಿಸಿದನು. ಬಳಿಕ ನಾಲ್ಕು ತುಂಡು ಮಾಡಿ ಅವನ್ನೂ ಬೇರೆಬೇರೆಯಾಗಿ ಅಚ್ಚಿಗೆ ಕೊಟ್ಟನು. ಬಿಡಿಬಿಡಿಯಾಗಿಯೂ ಮುಖಗಳು ಚೆಲುವಾಗಿಯೇ ಕಾಣಬಹುದು. ಆದರೆ ರೋಗಿ, ತಾಯಿ, ಪಂಡಿತ, ಧನಿಕ ಇವರು ಒಬ್ಬರ ಎದುರಿಗೊಬ್ಬರಿರುವುದೇ ಈ ಚಿತ್ರದ ಜೀವ. ರೋಗಿಗಳು ಅಷ್ಟು ಹತ್ತಿರದಲ್ಲಿರುವುದರಿಂದಲೇ ಯುವಕನ ಯೋಚನೆಗೆ ತೂಕ ಬಂದಿದೆ. ಅವರನ್ನು ಬೇರ್ಪಡಿಸಿದರೆ ಅವನು ಬರಿಯ ಸಿರಿವಂತರ ಮನೆಯ ಹುಡುಗ. ಅವರ ನಡುವೆ ಕುಳಿತಾಗ, ತಕ್ಕಮಟ್ಟಿಗೆ ಅನುಕೂಲವಾಗಿರುವ ನಮ್ಮಲ್ಲಿ ಯಾರಾದರೂ ಆಗಬಹುದು.