ಕೊಹಾದದ ತುತ್ತು

ಉಣ್ಣುವವನ ಇಚ್ಛೆಯೇ ಭೋಜನದ ಧರ್ಮವೆಂದು ತಿಳಿದು ಬೆಳೆದವನು ಟೋಕಿಯೋ ನಗರದ ಗಿಂಜಾದಲ್ಲಿ ಒಮಕಾಸೆ ಪದ್ಧತಿಯ ಸುಶಿಯೂಟಕ್ಕೆ ಮೊದಲ ಸಲ ಕುಳಿತಾಗ, ಭಕ್ಷ್ಯಗಳ ಪಟ್ಟಿಯಾಗಲಿ ಏನು ಬೇಕೆಂದು ಕೇಳುವವರಾಗಲಿ ಇಲ್ಲದೆ, ಊಟವು ಆದ್ಯಂತವಾಗಿ ಬಾಣಸಿಗನ ವಿವೇಚನೆಗೆ ಸೇರಿರುವುದನ್ನು ಕಂಡು ಕಿಂಚಿತ್ ಅಳುಕುವುದು ಸಹಜವೇ. ಆದರೆ ತೊಯೊಸು ಮಾರುಕಟ್ಟೆಯಿಂದ ಮುಂಜಾನೆ ತಂದ ಮೀನುಗಳಲ್ಲಿ ಯಾವುದು ಇಂದೇ ಉಣ್ಣಲು ಯೋಗ್ಯ, ಯಾವುದು ಇನ್ನೂ ಕೆಲವು ದಿನ ಪಕ್ವವಾಗಬೇಕು ಎಂಬುದನ್ನು ಬಲ್ಲವನು ಅವನೇ ಆದುದರಿಂದ, ನಿರ್ಣಯವೂ ಅವನದಾಗಿರುವುದು ನ್ಯಾಯವೆಂದು ನನಗೆ ಬಹುಬೇಗ ಮನವರಿಕೆಯಾಯಿತು.

ಸುಶಿಯೆಂದರೆ ಕೇವಲ ಹಸಿಮೀನೆಂಬ ಭಾವನೆ ನಮ್ಮಲ್ಲಿ ರೂಢಮೂಲವಾಗಿದೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ, ಟೋಕಿಯೋ ಇನ್ನೂ ಎದೋ ಎನಿಸಿಕೊಂಡಿದ್ದ ಕಾಲದಲ್ಲಿ, ಹನಾಯಾ ಯೊಹೇ ಎಂಬಾತನು ರೂಢಿಗೆ ತಂದನೆಂದು ಪ್ರತೀತಿಯಿರುವ ಈ ಕೈತುತ್ತಿನ ಸುಶಿಗೆ ಮಂಜುಗಡ್ಡೆಯ ಆಸರೆಯಿರಲಿಲ್ಲ. ಕೊಲ್ಲಿಯಲ್ಲಿ ಹಿಡಿದ ಮೀನು ಕೆಡದಂತೆ ಉಪ್ಪು ಸವರಿ, ಹುಳಿರಸದಲ್ಲಿ ಅದ್ದಿ, ಸೋಯಾರಸದಲ್ಲಿ ನೆನೆಸಿ, ಇಲ್ಲವೆ ಬೇಯಿಸಿ ಕಾಪಾಡುತ್ತಿದ್ದ ಉಪಾಯಗಳೇ ಕಾಲಾಂತರದಲ್ಲಿ ರುಚಿಯ ಶಾಸ್ತ್ರವಾಗಿ ಪರಿಣಮಿಸಿದುವು.

ಆ ಶಾಸ್ತ್ರದ ಸಾರವನ್ನು ಕೊಹಾದವೆಂಬ ಸಣ್ಣ ಬೆಳ್ಳಿಬಣ್ಣದ ಮೀನಿನಲ್ಲಿ ಕಾಣಬಹುದು. ಅದನ್ನು ಸೀಳಿ, ಮುಳ್ಳು ತೆಗೆದು, ಮೀನಿನ ಕೊಬ್ಬನ್ನೂ ಅಂದಿನ ಹವೆಯನ್ನೂ ನೋಡಿಕೊಂಡು ಉಪ್ಪಿನಲ್ಲಿಡುವರು. ಬಳಿಕ ತೊಳೆದು ಹುಳಿರಸದಲ್ಲಿ ನೆನೆಸಿ, ಉಪ್ಪೂ ಹುಳಿಯೂ ಒಳಗೆಲ್ಲ ಸಮನಾಗಿ ಹರಡುವಂತೆ ಕೆಲಕಾಲ ತಂಗಗೊಡುವರು. ಉಪ್ಪಿನಲ್ಲಿ ಕೆಲವು ನಿಮಿಷ ಹೆಚ್ಚಾದರೂ ಮಾಂಸ ಬಿಗಿಯುವುದು, ಕಡಮೆಯಾದರೆ ಹಸಿವಾಸನೆ ಉಳಿಯುವುದು. ಮೈಯ ಬಿಸುಪಿನಷ್ಟೇ ಬೆಚ್ಚಗಿರುವ, ಹುಳಿ ಬೆರೆಸಿದ ಅನ್ನದ ಮೇಲೆ ಅದನ್ನಿಟ್ಟು ಬೆರಳುಗಳಿಂದ ಹದವಾಗಿ ಒತ್ತಿ, ಕುಂಚದಿಂದ ಸೋಯಾರಸ ಸವರಿ ಬಾಣಸಿಗನು ಮುಂದಿಟ್ಟ ಕೂಡಲೆ ಬಾಯಿಗಿಟ್ಟೆನು. ಅನ್ನವು ನಾಲಗೆಯ ಮೇಲೆ ಅಗುಳಗುಳಾಗಿ ಬಿಚ್ಚಿಕೊಂಡಿತು, ಮೀನಿನ ಹುಳಿಯೂ ಅನ್ನದ ಹುಳಿಯೂ ಒಂದೇ ಶ್ರುತಿಯಲ್ಲಿ ಸೇರಿದುವು.

ಬಿಳಿಮಾಂಸದ ಸೌಮ್ಯ ಮೀನುಗಳಿಂದ ತೊಡಗಿ ಟ್ಯೂನಾದ ಸಮೃದ್ಧ ರುಚಿಗೇರಿ, ಬೇಯಿಸಿದ ಅನಾಗೊ ಮೀನನ್ನೂ ಸಿಹಿಯಾದ ಮೊಟ್ಟೆಯ ತಮಾಗೊವನ್ನೂ ಬಡಿಸಿ ಮುಗಿಸುವುದು ಈ ಭೋಜನದ ವಾಡಿಕೆಯ ಕ್ರಮ. ಹೊಸಬರು ಬಹುಮಟ್ಟಿಗೆ ಟ್ಯೂನಾದ ಹೊಟ್ಟೆಯ ಭಾಗವಾದ ಓತೊರೊವನ್ನೇ ಎದುರುನೋಡುವರು. ಅದರ ಸೊಗಸಿನಲ್ಲಿ ಹಿರಿಯ ಪಾಲು ಸಮುದ್ರದ್ದು. ಕೊಹಾದದ ಸೊಗಸಾದರೋ ಬಹುತೇಕ ಮನುಷ್ಯನ ಕೈಯದು. ಬಾಣಸಿಗನನ್ನು ನಂಬಿ ಕುಳಿತವನು ಆ ನಂಬಿಕೆಯನ್ನು ಪರೀಕ್ಷಿಸತಕ್ಕದ್ದು ಈ ಅಗ್ಗದ ಮೀನಿನಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೋಗುವವರು ತಮಗೆ ವರ್ಜ್ಯವಾದುದನ್ನು ಮುಂಗಡವಾಗಿಯೇ ತಿಳಿಸಲಿ, ಹೊತ್ತಿಗೆ ಸರಿಯಾಗಿ ತಲುಪಲಿ, ಸುಗಂಧದ್ರವ್ಯ ಪೂಸಿಕೊಳ್ಳದಿರಲಿ. ಬಡಿಸಿದುದನ್ನು ಆರಗೊಡದೆ ತಿನ್ನಲಿ, ಕೈಯಿಂದ ತಿಂದರೂ ದೋಷವಿಲ್ಲ. ಬೇಸಗೆಯಲ್ಲಿ ಹೋಗುವ ಅವಕಾಶ ದೊರೆತರಂತೂ ಕೊಹಾದದ ಎಳೆಮರಿಯಾದ ಶಿಂಕೊವನ್ನು ತಪ್ಪದೆ ಸವಿಯಲಿ: ಒಂದು ತುತ್ತಿಗೆ ಎರಡು ಮೂರು ಮರಿಗಳನ್ನು ಜೋಡಿಸಬೇಕಾಗುವಷ್ಟು ಕಿರಿದಾದ ಆ ಮೀನಿನಲ್ಲಿ ಉಪ್ಪಿನ ಲೆಕ್ಕ ಕ್ಷಣಗಳ ಮೇಲೆ ನಿಂತಿರುವುದರಿಂದ, ಕೈಯ ಪಳಗಿಕೆ ಅಲ್ಲಿ ಇನ್ನೂ ನಿಚ್ಚಳವಾಗಿ ತಿಳಿದುಬರುವುದು.